ಕಲಗಚ್ಚಿನ ಬಾನಿ ಇಲ್ಲದ ಮನೆಗಳಲ್ಲಿ

ತರಕಾರಿಯ ಸಿಪ್ಪೆ, ದಂಟು, ತೊಟ್ಟುಗಳನ್ನು ಬಿಸಾಡದೆ ಕುದಿಸಿ ಸೂಪು ಮಾಡಿಕೊಳ್ಳಿ, ಆಹಾರ ಪೋಲಾಗುವುದು ತಪ್ಪುತ್ತದೆ ಎಂಬ ಸಲಹೆ ಈಗ ಅಡುಗೆಯ ಅಂಕಣಗಳಲ್ಲೂ ಪರಿಸರದ ಭಾಷಣಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಉತ್ತರ ಸಿದ್ಧವಾಗಿರುತ್ತದೆ. ‘ಇದರಲ್ಲಿ ಹೊಸತೇನಿದೆ, ನಮ್ಮ ಅಜ್ಜಿಯಂದಿರು ಮಾಡಿದ್ದೇ ಇದನ್ನು’ ಎನ್ನುವವರು ಒಂದು ಕಡೆ. ‘ಒಂದು ಹಿಡಿ ಸಿಪ್ಪೆ ಕುದಿಸಿದರೆ ಲೋಕ ಉದ್ಧಾರವಾಗುತ್ತದೆಯೇ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಅಜ್ಜಿ ಮಾಡುತ್ತಿದ್ದುದು ಹೌದು. ಆದರೆ ಅಜ್ಜಿಯ ಅಡುಗೆಮನೆಯ ಹಿಂದೆ ಇದ್ದ ಕೊಟ್ಟಿಗೆ, ತಿಪ್ಪೆಗಳು ನಮ್ಮ ಮನೆಗಳಿಗಿಲ್ಲ. ಹಿಡಿ ಸಿಪ್ಪೆ ಚಿಕ್ಕದು ಹೌದು. ಆದರೆ ದಿನದಿನವೂ ಲಕ್ಷಾಂತರ ಮನೆಗಳಿಂದ ಹೊರಬೀಳುವ ಹಿಡಿಗಳೇ ಸೇರಿ ಊರಾಚೆಯ ಗುಡ್ಡವಾಗುತ್ತವೆ. ನನ್ನ ವಾದ ಇಷ್ಟು: ಕೊಟ್ಟಿಗೆ ತಿಪ್ಪೆಗಳನ್ನು ಕಳೆದುಕೊಂಡ ನಗರದ ಮನೆಗಳಲ್ಲಿ ಅವು ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಒಲೆಯ ಮೇಲಿನ ಪಾತ್ರೆಯೇ ಹೊರಬೇಕಾಗಿದೆ. ಹಾಗೆಂದು ಹೇಗೆ ಕುದಿಸಿದರೂ ಆ ಕೆಲಸ ಆಗುವುದಿಲ್ಲ.

ಮೊದಲು ಸಮಸ್ಯೆಯ ಅಳತೆ ತಿಳಿಯಬೇಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ಪೋಲಾದದ್ದು ಮನೆಗಳಲ್ಲೇ. ಭಾರತದ ಮನೆಗಳಿಗೆ ಆ ವರದಿ ಕೊಡುವ ಅಂದಾಜು ತಲಾ ವರ್ಷಕ್ಕೆ 55 ಕಿಲೋ. ಜಗತ್ತಿನ ಸರಾಸರಿಯಾದ 79 ಕಿಲೋಗಿಂತ ಕಡಿಮೆ. ಇದರಿಂದ ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ 220 ಕಿಲೋ, ಅಂದರೆ ದಿನಕ್ಕೆ ಸುಮಾರು 600 ಗ್ರಾಂ ಆಗುತ್ತದೆ. ಈ ಅಂದಾಜಿನಲ್ಲಿ ತಿನ್ನಬಹುದಾಗಿದ್ದ ಆಹಾರವೂ ಇದೆ, ತಿನ್ನಲಾಗದ ಸಿಪ್ಪೆ, ಬೀಜ, ಮೂಳೆಗಳೂ ಇವೆ. ಯಾವುದು ತಿನ್ನುವ ವಸ್ತು, ಯಾವುದು ಅಲ್ಲ ಎಂಬ ಗೆರೆಯನ್ನು ಪ್ರಕೃತಿ ಎಳೆದದ್ದು ಸ್ವಲ್ಪ ಮಾತ್ರ. ಉಳಿದದ್ದನ್ನು ಎಳೆದದ್ದು ನಮ್ಮ ಅಭ್ಯಾಸ. ಒಂದು ಮನೆಯಲ್ಲಿ ಕಸವಾಗುವ ಹೀರೆಕಾಯಿ ಸಿಪ್ಪೆ ಪಕ್ಕದ ಮನೆಯಲ್ಲಿ ಚಟ್ನಿಯಾಗುತ್ತದೆ. ಆ ಗೆರೆಯನ್ನು ಸರಿಸುವ ಶಕ್ತಿ ಅಡುಗೆ ಮಾಡುವವರ ಕೈಯಲ್ಲಿದೆ.

ಕನ್ನಡ ನಾಡಿನ ಅಡುಗೆ ಈ ಗೆರೆಯನ್ನು ಬಹಳ ದೂರಕ್ಕೆ ಸರಿಸಿತ್ತು. ಹಳೇ ಮೈಸೂರು ಸೀಮೆಯ ಬಸ್ಸಾರನ್ನೇ ನೋಡಿ. ಬೇಳೆಯನ್ನೋ ಕಾಳನ್ನೋ ಸೊಪ್ಪಿನ ಜೊತೆ ಬೇಯಿಸಿ, ನೀರನ್ನು ಬಸಿದುಕೊಳ್ಳುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಮುದ್ದೆಗೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಹಬ್ಬದ ದಿನ ಹೋಳಿಗೆಯ ಹೂರಣಕ್ಕೆಂದು ಬೇಯಿಸಿದ ಬೇಳೆಯ ಕಟ್ಟು ಉತ್ತರ ಕರ್ನಾಟಕದಲ್ಲಿ ಕಟ್ಟಿನ ಸಾರಾಗುತ್ತದೆ, ಮೈಸೂರು ಕಡೆ ಒಬ್ಬಟ್ಟಿನ ಸಾರಾಗುತ್ತದೆ. ಮಾರನೆಯ ದಿನಕ್ಕೆ ಅದರ ರುಚಿ ಇನ್ನೂ ಏರಿರುತ್ತದೆ. ಕರಾವಳಿಯಲ್ಲಿ ಉಳುವ ಎತ್ತು ಕೋಣಗಳಿಗೆಂದು ಹುರುಳಿ ಬೇಯಿಸುವಾಗ ಕಟ್ಟು ಮನೆಯವರ ಸಾರಿಗೆ ಬರುತ್ತಿತ್ತು, ಬೆಂದ ಕಾಳು ಜಾನುವಾರಿಗೆ ಹೋಗುತ್ತಿತ್ತು. ಒಂದೇ ಉರಿ, ಒಂದೇ ಪಾತ್ರೆ; ಉಂಡವರು ಮನುಷ್ಯರೂ ಹೌದು, ದನಗಳೂ ಹೌದು. ಅನ್ನ ಬಸಿದ ಗಂಜಿಯೂ ಚೆಲ್ಲುವ ವಸ್ತುವಾಗಿರಲಿಲ್ಲ. ಉಪ್ಪು, ಮಜ್ಜಿಗೆ ಬೆರೆತು ಅದು ಜ್ವರದವರ ಪಥ್ಯವಾಗುತ್ತಿತ್ತು, ಗಂಜಿ ಹಾಕಬೇಕಾದ ಸೀರೆ ಪಂಚೆಗಳಿಗೂ ಒದಗುತ್ತಿತ್ತು.

ಸಿಪ್ಪೆಯ ಅಡುಗೆಗಳಂತೂ ಲೆಕ್ಕಕ್ಕೆ ಸಿಗದಷ್ಟಿವೆ. ಹೀರೆಕಾಯಿ, ಸೋರೆಕಾಯಿ, ಸೀಮೆಬದನೆ ಸಿಪ್ಪೆಗಳ ಚಟ್ನಿ, ಕಿತ್ತಳೆ ಸಿಪ್ಪೆಯ ಗೊಜ್ಜು, ಕಲ್ಲಂಗಡಿಯ ಬಿಳಿ ಭಾಗದ ದೋಸೆ, ದಾಳಿಂಬೆ ಸಿಪ್ಪೆಯ ತಂಬುಳಿ, ಹಲಸಿನ ಬೀಜದ ಸಾರು, ಬಾಳೆದಿಂಡಿನ ಪಲ್ಯ ಇವೆಲ್ಲ ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಈಗಲೂ ಇವೆ. ಮೂಲಂಗಿ, ನವಿಲುಕೋಸುಗಳ ಸೊಪ್ಪನ್ನು ಬಯಲುಸೀಮೆಯವರು ಗೆಡ್ಡೆಯಷ್ಟೇ ಪ್ರೀತಿಯಿಂದ ಬಳಸುತ್ತಾರೆ. ಮಾಂಸಾಹಾರದಲ್ಲೂ ಇದೇ ವಿವೇಕ ಇದೆ. ಕಾಲು ಸೂಪು, ಬೋಟಿ ಗೊಜ್ಜು, ಮೀನಿನ ತಲೆಯ ಸಾರು ಇವೆಲ್ಲ ಪ್ರಾಣಿಯ ಜೀವ ತೆಗೆದ ಮೇಲೆ ಅದರ ಯಾವ ಭಾಗವನ್ನೂ ವ್ಯರ್ಥ ಮಾಡಬಾರದೆಂಬ ತಿಳಿವಳಿಕೆಯಿಂದ ಬಂದ ಅಡುಗೆಗಳು. ಇವನ್ನು ಬಡವರ ಅಡುಗೆ ಎಂದು ಕರೆದು ಮರೆಯುವುದು ಸುಲಭ. ಆದರೆ ಹಬ್ಬದ ಎಲೆಯ ಮೇಲೂ ಕಟ್ಟಿನ ಸಾರಿಗೆ ಜಾಗ ಇರುವುದನ್ನು ನೋಡಿದರೆ, ರುಚಿಯ ಬಲದಿಂದಲೇ ಇವು ಉಳಿದಿವೆ ಎನ್ನಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಪಾತ್ರೆಗೆ ಬಾರದೆ ಉಳಿಯುವ ವಸ್ತು ಇದ್ದೇ ಇರುತ್ತಿತ್ತು. ಅದು ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು. ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ, ತರಕಾರಿ ಹೆಚ್ಚುವಾಗ ತೆಗೆದ ಭಾಗ ಎಲ್ಲ ಸೇರಿ ಸಂಜೆಗೆ ಹಸುವಿನ ಮುಂದೆ ಹೋಗುತ್ತಿತ್ತು. ಹಸು ಮುಟ್ಟದ್ದು ಸಗಣಿಯ ಜೊತೆ ತಿಪ್ಪೆ ಸೇರಿ, ಮಳೆಗಾಲಕ್ಕೆ ಮುಂಚೆ ಗೊಬ್ಬರವಾಗಿ ಹೊಲಕ್ಕೆ ಹಿಂತಿರುಗುತ್ತಿತ್ತು. ಹೀಗಾಗಿ ಆ ಮನೆಯಲ್ಲಿ ಆಹಾರದ ಕಸ ಎಂಬ ಪ್ರತ್ಯೇಕ ಸಮಸ್ಯೆಯೇ ಇರಲಿಲ್ಲ. ಒಲೆ, ಕೊಟ್ಟಿಗೆ, ತಿಪ್ಪೆ, ಹೊಲ ಎಂಬ ನಾಲ್ಕು ಕೊಂಡಿಗಳ ಸರಪಳಿ ಅದನ್ನು ನುಂಗಿಬಿಡುತ್ತಿತ್ತು.

ನಗರಕ್ಕೆ ಬಂದ ನಾವು ಒಲೆಯೊಂದನ್ನು ಹೊತ್ತು ತಂದೆವು. ಉಳಿದ ಮೂರು ಕೊಂಡಿಗಳ ಜಾಗದಲ್ಲಿ ಈಗ ಕಸದ ಗಾಡಿ ಇದೆ. ಅದು ಬಾಗಿಲಿನಿಂದ ಹೊತ್ತೊಯ್ದದ್ದನ್ನು ಎಲ್ಲಿ ಸುರಿಯುತ್ತದೆ ಎಂದು ಬೆಂಗಳೂರು ಬಹುಕಾಲ ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ಕೇಳಿದವರು ನಗರದ ಕಸ ತಂದು ಸುರಿಯುತ್ತಿದ್ದ ಮಾವಳ್ಳಿಪುರದ, ಮಂಡೂರಿನ ಹಳ್ಳಿಗರು. ಅವರ ಬಾವಿಯ ನೀರು ಕೆಟ್ಟಿತು, ಗಾಳಿ ನಾರಿತು, ನೊಣಗಳು ಮನೆ ತುಂಬಿದವು. ಮಂಡೂರಿನವರು ಬೀದಿಗಿಳಿದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿಗೆ ಕಸದ ಲಾರಿಗಳು ಹೋಗುವುದು ನಿಂತಿತು. ನಂತರ ಆ ಹೊರೆ ಬೇರೆ ಹಳ್ಳಿಗಳ ಪಾಲಾಯಿತು. ಇಂಥ ಗುಡ್ಡಗಳಲ್ಲಿ ಅರ್ಧಕ್ಕಿಂತ ಹೆಚ್ಚಿರುವುದು ಹಸಿ ಕಸ. ಗಾಳಿಯಾಡದೆ ಒತ್ತಿ ಕೂತ ಹಸಿ ಕಸ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುವ ಅನಿಲ. ನಮ್ಮ ಅಡುಗೆಕಟ್ಟೆಯ ಸಿಪ್ಪೆಗೂ ಇನ್ನೊಂದು ಊರಿನ ಮಕ್ಕಳ ಉಸಿರಿಗೂ ಇರುವ ನಂಟು ಇದು. ಆದ್ದರಿಂದ ಇದನ್ನು ಗೃಹಕೃತ್ಯದ ಸಣ್ಣ ವಿಷಯವೆಂದು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ. ಇದು ನ್ಯಾಯದ ಪ್ರಶ್ನೆ.

ಹಾಗಾದರೆ ಸಿಪ್ಪೆ ಕುದಿಸಿ ಸೂಪು ಮಾಡಿದರೆ ಸಾಕೇ? ಇಲ್ಲಿ ಪ್ರಾಮಾಣಿಕವಾಗಿ ಲೆಕ್ಕ ನೋಡಬೇಕು. ಪಾಶ್ಚಾತ್ಯ ಅಡುಗೆಯ ರೀತಿಯಲ್ಲಿ ಸಿಪ್ಪೆ ದಂಟುಗಳನ್ನು ಸುಮಾರು ಒಂದು ತಾಸು ಕುದಿಸಿ, ರಸ ಸೋಸಿಕೊಂಡು, ಜರಡಿಯಲ್ಲಿ ಉಳಿದದ್ದನ್ನು ಎಸೆಯುವ ಕ್ರಮವನ್ನೇ ಹೆಚ್ಚಿನವರು ಹೇಳಿಕೊಡುತ್ತಾರೆ. ಅದರಿಂದ ರಸಕ್ಕೆ ಘಮ ಬರುತ್ತದೆ, ನೀರಿನಲ್ಲಿ ಕರಗುವ ಲವಣಗಳೂ ಕೆಲವು ಜೀವಸತ್ವಗಳೂ ಬರುತ್ತವೆ. ಆದರೆ ಜರಡಿಯಲ್ಲಿ ಉಳಿದ ಗಟ್ಟಿ ಪದಾರ್ಥದ ತೂಕ ಮೊದಲಿಗಿಂತ ಹೆಚ್ಚೇನೂ ಇಳಿದಿರುವುದಿಲ್ಲ. ನಾರಿನಂಶದ ಹೆಚ್ಚಿನ ಪಾಲು ಅದರಲ್ಲೇ ಇರುತ್ತದೆ. ಕಸದ ಬುಟ್ಟಿಗೆ ಬೀಳುವ ಭಾರ ಹೆಚ್ಚುಕಡಿಮೆ ಅಷ್ಟೇ. ಬಿದ್ದ ಹೊತ್ತು ಮಾತ್ರ ಒಂದು ತಾಸು ತಡ. ಆಹಾರ ಉಳಿಸಿದೆವೆಂಬ ಸಮಾಧಾನ ಸಿಗುತ್ತದೆ, ಗುಡ್ಡ ಕರಗುವುದಿಲ್ಲ.

ಬಸ್ಸಾರಿನ ವಿವೇಕ ಇಲ್ಲಿ ನೆರವಿಗೆ ಬರುತ್ತದೆ. ಅದು ಕಟ್ಟನ್ನೂ ಬಳಸುತ್ತದೆ, ಬಸಿದುಳಿದದ್ದನ್ನೂ ಬಳಸುತ್ತದೆ. ಸಿಪ್ಪೆಯ ಸೂಪಿಗೂ ಇದೇ ನಿಯಮ ಇರಲಿ: ಸೋಸಿ ಎಸೆಯಬೇಡಿ, ರುಬ್ಬಿ ಉಣ್ಣಿ. ಎಳೆಯ ಹೀರೆಕಾಯಿಯ ಸಿಪ್ಪೆ, ಎಲೆಕೋಸಿನ ಒಳದಂಟು, ಕೊತ್ತಂಬರಿಯ ಕಡ್ಡಿ, ಬಾಡಿದ ಅರ್ಧ ಕ್ಯಾರೆಟ್, ಮೆತ್ತಗಾದ ಟೊಮೆಟೊ, ಎರಡು ಚಮಚ ಹೆಸರುಬೇಳೆ ಇಷ್ಟನ್ನು ಮೆತ್ತಗೆ ಬೇಯಿಸಿ ನುಣ್ಣಗೆ ರುಬ್ಬಿ. ಮೆಣಸು ಜೀರಿಗೆ ಕುಟ್ಟಿ ಹಾಕಿ, ಉಪ್ಪು, ನಿಂಬೆರಸ ಸೇರಿಸಿ. ಬೇಳೆ ಸೂಪಿಗೆ ಮಂದ ಕೊಡುತ್ತದೆ, ನಾರು ಹೊಟ್ಟೆಗೆ ಸೇರುತ್ತದೆ, ಬುಟ್ಟಿಗೆ ಬೀಳುವುದೇನೂ ಉಳಿಯುವುದಿಲ್ಲ. ಬಟಾಣಿ ಸಿಪ್ಪೆಯ ಒಳಪೊರೆ, ಬಲಿತ ಹೀರೆಯ ಏಣು, ಈರುಳ್ಳಿಯ ಒಣಸಿಪ್ಪೆಗಳಂಥವು ರುಬ್ಬಿದರೂ ಗಂಟಲಿಗೆ ಸಿಗುತ್ತವೆ. ಅವನ್ನು ಬಲವಂತವಾಗಿ ಪಾತ್ರೆಗೆ ತುರುಕಬೇಕಾಗಿಲ್ಲ. ಅವುಗಳ ಜಾಗ ಗೊಬ್ಬರದ ಮಡಕೆ.

ಉರಿಯ ಲೆಕ್ಕವನ್ನೂ ಮರೆಯುವಂತಿಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಮೂರು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಿಡಿ ಸಿಪ್ಪೆಗಾಗಿಯೇ ಒಲೆ ಹಚ್ಚಿ ಎರಡು ತಾಸು ಕುದಿಸಿದರೆ ಒಂದು ಕೈಯಲ್ಲಿ ಉಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಸುಟ್ಟಂತೆ. ಬೇಳೆ ಬೇಯುವ ಕುಕ್ಕರಿನಲ್ಲೇ ಇನ್ನೊಂದು ಡಬ್ಬಿ ಇಟ್ಟು ಬೇಯಿಸಿಕೊಂಡರೆ ಬೇರೆ ಉರಿ ಬೇಕಿಲ್ಲ. ಹುರುಳಿ ಬೇಯಿಸಿದ ಉರಿಯಲ್ಲೇ ಸಾರನ್ನೂ ಪಡೆದವರ ಜಾಣತನ ಇದೇ ಆಗಿತ್ತು.

ಇನ್ನು ಆರೋಗ್ಯದ ವಿಷಯ. ಸಿಪ್ಪೆಯಲ್ಲೇ ಸತ್ವವೆಲ್ಲ ಇದೆ ಎಂಬ ಉತ್ಸಾಹದ ಮಾತನ್ನು ಹಾಗೆಯೇ ಒಪ್ಪಿಕೊಳ್ಳಬಾರದು. ಮೇಲೆ ಸಿಂಪಡಿಸಿದ ಕೀಟನಾಶಕ ಮೊದಲು ಕೂರುವುದೂ ಸಿಪ್ಪೆಯ ಮೇಲೆಯೇ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮಣ್ಣು, ಮೇಲ್ಮೈಯ ವಿಷದ ಒಂದಂಶ ಹೋಗುತ್ತದೆ; ಗಿಡದ ಒಳಗೇ ಇಳಿದ ವಿಷ ಹೋಗುವುದಿಲ್ಲ. ಮೂಲ ಗೊತ್ತಿರುವ, ಹಿತ್ತಲಲ್ಲೋ ತಾರಸಿಯಲ್ಲೋ ಬೆಳೆದ, ಇಲ್ಲವೇ ಸಾವಯವವೆಂದು ನಂಬಬಹುದಾದ ತರಕಾರಿಯ ಸಿಪ್ಪೆಗೆ ಮೊದಲ ಆದ್ಯತೆ ಇರಲಿ. ಹಸಿರು ತಿರುಗಿದ, ಮೊಳಕೆಯೊಡೆದ ಆಲೂಗಡ್ಡೆಯ ಸಿಪ್ಪೆಯಲ್ಲಿ ಸೊಲನಿನ್ ಎಂಬ ವಿಷವಸ್ತು ಸೇರಿರುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ. ಸೋರೆಕಾಯಿಯ ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿ. ಕಹಿಯಿದ್ದರೆ ಸಿಪ್ಪೆಯಷ್ಟೇ ಅಲ್ಲ, ಇಡೀ ಕಾಯನ್ನೇ ಬಿಟ್ಟುಬಿಡಬೇಕು, ಆ ಕಹಿ ಅಪಾಯಕಾರಿ. ಮರಗೆಣಸಿನ ಸಿಪ್ಪೆ ಪಾತ್ರೆಗೆ ಬರಲೇಬಾರದು. ಬೂಸ್ಟು ಹಿಡಿದ ವಸ್ತುವಿನ ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಕುದಿಸುವುದೂ ಸರಿಯಲ್ಲ. ಬೂಸ್ಟಿನ ಹಲವು ವಿಷಗಳಿಗೆ ಒಲೆಯ ಬಿಸಿ ಸಾಲದು. ಮಾಡಿದ ಕಟ್ಟು, ಸೂಪುಗಳು ಸೂಕ್ಷ್ಮಜೀವಿಗಳಿಗೂ ಇಷ್ಟವಾದ ಆಹಾರ. ಬೇಗ ಆರಿಸಿ, ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನದಲ್ಲಿ ಮುಗಿಸಬೇಕು. ಉಳಿಸುವ ಹಟ ಹೊಟ್ಟೆ ಕೆಡಿಸುವಷ್ಟು ದೂರ ಹೋಗಬಾರದು.

ಇಷ್ಟು ಹೇಳಿದ ಮೇಲೆ ಒಂದು ಮುಖ್ಯ ಮಾತು ಬಾಕಿ ಇದೆ. ನಗರದ ಮನೆಗಳಲ್ಲಿ ಮನಸ್ಸು ನೋಯಿಸಬೇಕಾದ ವ್ಯರ್ಥ ಸಿಪ್ಪೆಯದ್ದಲ್ಲ. ವಾರದ ಸಂತೆಯಿಂದಲೋ ರಿಯಾಯಿತಿಯ ಆಸೆಗೋ ಹೆಚ್ಚಾಗಿ ತಂದು, ಫ್ರಿಜ್ಜಿನ ತಳದಲ್ಲಿ ಕೊಳೆಯಲು ಬಿಟ್ಟ ಪೂರ್ತಿ ತರಕಾರಿ. ಬೇಕಾದ್ದಕ್ಕಿಂತ ಹೆಚ್ಚು ಬೇಯಿಸಿ ಉಳಿಸಿದ ಅನ್ನ, ಪಲ್ಯ. ಸಿಪ್ಪೆ ತರಕಾರಿಯ ಒಂದಂಶ. ಕೊಳೆತ ಕಾಯಿ ಇಡೀ ತರಕಾರಿ, ಅದನ್ನು ಬೆಳೆದ ರೈತನ ನೀರು, ಗೊಬ್ಬರ, ಬೆವರು, ಸಾಗಿಸಿದ ಲಾರಿಯ ಡೀಸೆಲ್ಲು ಎಲ್ಲವೂ. ಉಳಿಕೆಯ ಸೂಪಿನ ನಿಜವಾದ ಉಪಯೋಗ ಇಲ್ಲಿದೆ ಎಂದು ನನ್ನ ನಂಬಿಕೆ. ಬಾಡತೊಡಗಿದ ಸೊಪ್ಪು, ಸುಕ್ಕುಗಟ್ಟಿದ ಕ್ಯಾರೆಟ್, ನಾಲ್ಕೇ ಉಳಿದ ಹುರುಳಿಕಾಯಿ ಇವು ಕೆಟ್ಟಿಲ್ಲ, ಪಲ್ಯಕ್ಕೆ ಸಾಲುವುದಿಲ್ಲ ಅಷ್ಟೇ. ಇವನ್ನೆಲ್ಲ ಒಟ್ಟಿಗೆ ಸೇರಿಸಿಕೊಳ್ಳುವ ಗುಣ ಸಾರಿಗಿದೆ, ಸೂಪಿಗಿದೆ. ಸಂತೆಗೆ ಹೋಗುವ ಹಿಂದಿನ ದಿನ ಫ್ರಿಜ್ಜನ್ನು ಬರಿದು ಮಾಡುವ ಸೂಪೊಂದನ್ನು ಮಾಡುವುದು ರೂಢಿಯಾದರೆ ಅದು ಎರಡು ಕೆಲಸ ಮಾಡುತ್ತದೆ. ಉಳಿದದ್ದು ಹೊಟ್ಟೆ ಸೇರುತ್ತದೆ. ಯಾವುದು ಪ್ರತಿ ವಾರ ಉಳಿಯುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮುಂದಿನ ವಾರ ಅದನ್ನು ಕಡಿಮೆ ತರುವ ಬುದ್ಧಿ ಅಲ್ಲಿಂದಲೇ ಹುಟ್ಟಬೇಕು.

ಈ ಮಿತವ್ಯಯದ ಹೊಗಳಿಕೆಯಲ್ಲಿ ನಾವು ಮುಚ್ಚಿಡುವ ಒಂದು ಸತ್ಯವೂ ಇದೆ. ಹಳೆಯ ಮನೆಗಳಲ್ಲಿ ಏನೂ ವ್ಯರ್ಥವಾಗದಿದ್ದುದಕ್ಕೆ ಒಂದು ಕಾರಣ, ಉಳಿದದ್ದನ್ನು ಕೊನೆಗೆ ಉಣ್ಣುತ್ತಿದ್ದವರು ಮನೆಯ ಹೆಂಗಸರು. ಸಿಪ್ಪೆ ಹುರಿದು ರುಬ್ಬಿದ್ದೂ ಅವರೇ, ತಳದ ಅನ್ನ ಕೆರೆದುಂಡದ್ದೂ ಅವರೇ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು; ತೊಡಗುವ ಗಂಡಸರು 97 ನಿಮಿಷ, ಅಂಥ ಗಂಡಸರೂ ಕಾಲುಭಾಗದಷ್ಟು ಮಾತ್ರ. ಸಿಪ್ಪೆ ಬಿಡಿಸಿ ತೊಳೆದು ರುಬ್ಬುವ ಹೊಸ ಕೆಲಸವನ್ನು ಈ 299ರ ಮೇಲೆ ಹೇರಿ ಅದಕ್ಕೆ ಪರಿಸರ ಪ್ರೇಮ ಎಂದು ಹೆಸರಿಟ್ಟರೆ ಅದು ಅನ್ಯಾಯ. ಫ್ರಿಜ್ಜು ನೋಡುವುದು, ಉಳಿಕೆ ಕತ್ತರಿಸುವುದು, ಗೊಬ್ಬರದ ಮಡಕೆ ಕೆದಕುವುದು ಮನೆಯ ಗಂಡಸರ, ಬೆಳೆದ ಮಕ್ಕಳ ಪಾಲಿಗೂ ಬರಬೇಕು. ಆಗ ಮಾತ್ರ ಹಳೆಯ ಜಾಣತನವನ್ನು ಅದರ ಹಳೆಯ ಕ್ರೌರ್ಯವಿಲ್ಲದೆ ನಾವು ಪಡೆದುಕೊಂಡಂತಾಗುತ್ತದೆ.

ಇದೇ ಮಾತನ್ನು ಮನೆಗೆಲಸಕ್ಕೆ ಬರುವವರ ವಿಷಯದಲ್ಲೂ ಹೇಳಬೇಕು. ಮೂರು ದಿನದ ಹಳಸಲನ್ನು ಅವರ ಕೈಗಿಟ್ಟು, ಆಹಾರ ವ್ಯರ್ಥವಾಗಲಿಲ್ಲ ಎಂದುಕೊಳ್ಳುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ನಾವು ಉಣ್ಣಲು ಹಿಂಜರಿಯುವುದನ್ನು ಇನ್ನೊಬ್ಬರ ತಟ್ಟೆಗೆ ದಾಟಿಸುವುದು ದಾನವಲ್ಲ. ಕೊಡುವುದಿದ್ದರೆ ಮಾಡಿದ ದಿನವೇ, ನಾವು ಉಣ್ಣುವ ಪಾತ್ರೆಯಿಂದಲೇ ಕೊಡಬೇಕು.

ಮನೆಯ ಒಲೆ ಎಲ್ಲವನ್ನೂ ಸರಿಪಡಿಸಲಾರದು ಎಂಬುದನ್ನೂ ಒಪ್ಪುತ್ತೇನೆ. 2012ರ ಸುಮಾರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಪರಿಣತರು ನಗರದ ಕಲ್ಯಾಣ ಮಂಟಪಗಳ ಬಗ್ಗೆ ಅಧ್ಯಯನ ಮಾಡಿ, ಮದುವೆ ಊಟಗಳಲ್ಲೇ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ವ್ಯರ್ಥವಾಗುತ್ತಿದೆ ಎಂದು ಅಂದಾಜು ಮಾಡಿದ್ದರು. ಶೀತಲಗೃಹವಿಲ್ಲದೆ ಮಾರುಕಟ್ಟೆಯಲ್ಲಿ ಕೊಳೆಯುವ, ಬೆಲೆ ಬಿದ್ದಾಗ ರೈತರು ರಸ್ತೆಗೆ ಸುರಿಯುವ ಟೊಮೆಟೊವನ್ನು ಯಾರ ಮನೆಯ ಸೂಪೂ ಉಳಿಸಲಾರದು. ಅದಕ್ಕೆ ಸರ್ಕಾರದ ನೀತಿ ಬೇಕು, ಮಾರುಕಟ್ಟೆಯ ವ್ಯವಸ್ಥೆ ಬೇಕು. ಆದರೆ ದೊಡ್ಡವರ ತಪ್ಪು ದೊಡ್ಡದು ಎಂಬ ಕಾರಣಕ್ಕೆ ನಮ್ಮ ಪಾಲಿನ ಹೊಣೆ ಇಲ್ಲವಾಗುವುದಿಲ್ಲ. ಅಂಗಡಿ, ಹೋಟೆಲು, ಮನೆಗಳಲ್ಲಿ ಪೋಲಾಗುವ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳದ್ದೇ ಎಂದ ಮೇಲೆ, ಮನೆಗಳನ್ನು ಬಿಟ್ಟು ಯಾವ ನೀತಿಯೂ ಗೆಲ್ಲಲಾರದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೇಳಿದ್ದವು. ಬೇರ್ಪಡಿಸಲು ಕೂತವರಿಗೆ ತಮ್ಮ ಬುಟ್ಟಿಯಲ್ಲಿ ಏನಿದೆ ಎಂಬುದು ಮೊದಲ ಬಾರಿಗೆ ಕಾಣತೊಡಗಿದ್ದು ಆ ನಿಯಮದ ದೊಡ್ಡ ಲಾಭ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಒಂದು ಕ್ರಮದ ರೂಪದಲ್ಲಿದೆ. ಬೇಕಾದಷ್ಟೇ ತನ್ನಿ, ಬೇಕಾದಷ್ಟೇ ಬೇಯಿಸಿ. ಇದು ಮೊದಲನೆಯದು, ಉಳಿದದ್ದೆಲ್ಲ ಇದರ ನಂತರ. ಉಳಿದ ತರಕಾರಿ ಕೆಡುವ ಮುನ್ನ ಸಾರಿಗೋ ಸೂಪಿಗೋ ಸೇರಿಸಿ. ತಿನ್ನಬಹುದಾದ ಸಿಪ್ಪೆ ದಂಟುಗಳನ್ನು ಚೆನ್ನಾಗಿ ತೊಳೆದು, ಬೇಳೆಯ ಉರಿಯಲ್ಲೇ ಬೇಯಿಸಿ, ಸೋಸದೆ ರುಬ್ಬಿ ಉಣ್ಣಿ. ತಿನ್ನಲಾಗದ್ದನ್ನು ಬಾಲ್ಕನಿಯ ಗೊಬ್ಬರದ ಮಡಕೆಗೆ ಹಾಕಿ. ಈ ಕ್ರಮದಲ್ಲಿ ಮೊದಲನೆಯದನ್ನು ಬಿಟ್ಟು ಸೂಪನ್ನು ಮಾತ್ರ ಹಿಡಿದುಕೊಂಡರೆ ಪ್ರಯೋಜನ ಅಲ್ಪ. ನಾಲ್ಕನ್ನೂ ಹಿಡಿದರೆ ನಮ್ಮ ಬಾಗಿಲಿನಿಂದ ಯಾವ ಹಳ್ಳಿಗೂ ಹಸಿ ಕಸ ಹೋಗಬೇಕಾಗಿಲ್ಲ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಸರ್ಕಾರದ ಅಪ್ಪಣೆಗೂ ಕಾಯಬೇಕಿಲ್ಲ. ಈ ವಾರದಿಂದಲೇ ಶುರುಮಾಡಬಹುದು.